ಭಾಗಾಕಾರದ ತಾಳೆ: ಒಂದು ಐತಿಹಾಸಿಕ ವಿವೇಚನೆ

ಲೆಕ್ಕವನ್ನು ಬಿಡಿಸಿದ ಬಳಿಕ ‘ತಾಳೆ ನೋಡು’ ಎಂದು ಹೇಳುವ ರೂಢಿ ಕನ್ನಡ ಶಾಲೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಬಂದ ಗುಣಲಬ್ಧಕ್ಕೆ ಶೇಷವನ್ನು ಕೂಡಿಸಿದಾಗ ಅದು ಭಾಜ್ಯಕ್ಕೆ ಸಮನಾದರೆ ಲೆಕ್ಕ ತಾಳೆಯಾಯಿತು. ಇಲ್ಲವಾದರೆ ಎಲ್ಲಿಯೋ ತಪ್ಪಿದೆ. ಈ ಪದವು ಪಾಠಶಾಲೆಯ ಆವರಣವನ್ನು ದಾಟಿ ಸಾಹಿತ್ಯ ವ್ಯವಹಾರಕ್ಕೂ ಬಂದಿರುವುದು ಗಮನಾರ್ಹವಾಗಿದೆ. ಮಾತಿಗೂ ಕೃತಿಗೂ ತಾಳೆಯಿಲ್ಲವೆಂದು ಆಡುತ್ತೇವೆ. ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರು ಒಂದು ಪ್ರತಿಯ ಪಾಠವನ್ನು ಇನ್ನೊಂದರೊಡನೆ ತಾಳೆ ನೋಡುತ್ತಾರೆ. ಮರಾಠಿಯಲ್ಲಿಯೂ ಇದೇ ಅರ್ಥದಲ್ಲಿ ‘ತಾಳಾ’ ಎಂಬ ಪದ ಬಳಕೆಯಲ್ಲಿದೆ.

ಬಹುಮಂದಿ ವಿದ್ಯಾರ್ಥಿಗಳು ಈ ತಾಳೆಯನ್ನು ಮುಖ್ಯ ಲೆಕ್ಕ ಮುಗಿದ ಮೇಲೆ ಮಾಡಬೇಕಾದ ಒಂದು ಹೆಚ್ಚಿನ ಶ್ರಮವೆಂದು ಬಗೆಯುತ್ತಾರೆ. ಆದರೆ ನಮ್ಮ ನಾಡಿನ ಗಣಿತದ ಇತಿಹಾಸವನ್ನು ಅವಲೋಕಿಸಿದರೆ ಬೇರೆಯೇ ಸಂಗತಿ ಕಂಡುಬರುತ್ತದೆ. ಗುಣಿಸಿದಾಗ ಭಾಜ್ಯವನ್ನು ಮರಳಿ ಕೊಡುವ ಸಂಖ್ಯೆ ಯಾವುದೋ ಅದೇ ಭಾಗಲಬ್ಧ. ಇದಲ್ಲದೆ ಭಾಗಾಕಾರಕ್ಕೆ ಬೇರೊಂದು ಅರ್ಥವಿಲ್ಲ. ಈ ಅರ್ಥವನ್ನು ಮರೆತಲ್ಲಿ ದೊಡ್ಡ ಆಚಾರ್ಯರೂ ಎಡವಿದ್ದಾರೆ. ಅದನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಊರಿನ ಹೊಲದಿಂದಲೇ ಆರಂಭಿಸೋಣ. ಧಾರವಾಡದಿಂದ ಗೋವೆಯ ಕಡೆಗೆ ಹೋಗುವ ದಾರಿಯಲ್ಲಿ ಕೆಲಗೇರಿ ಎಂಬ ಊರಿದೆ. ಇಂದು ಅದು ಹುಬ್ಬಳ್ಳಿ-ಧಾರವಾಡ ಮಹಾನಗರದ ಒಂದು ಭಾಗವಾಗಿದ್ದರೂ ಅಲ್ಲಿಯ ಕೆರೆ, ಸುತ್ತಲಿನ ಹೊಲಗದ್ದೆಗಳು ಹಳೆಯ ಒಕ್ಕಲುತನದ ನೆನಪನ್ನು ಉಳಿಸಿವೆ. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಎಂಬ ಅಧಿಕಾರಿಗಳು 1847ರಲ್ಲಿ ಸಲ್ಲಿಸಿದ ಜಂಟಿ ವರದಿಯ ಪದ್ಧತಿಯಂತೆ ಮುಂಬಯಿ ಪ್ರಾಂತದ ಭೂಮಿಯ ಮೋಜಣಿ ನಡೆಯಿತಷ್ಟೆ. ಅಂದಿನಿಂದ ಈ ಭಾಗದ ರೈತನ ಜಮೀನು ಎಕರೆ, ಗುಂಟೆ, ಆಣೆಗಳ ಲೆಕ್ಕಕ್ಕೆ ಒಳಪಟ್ಟಿತು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆಗಳಿಗೆ ಒಂದು ಎಕರೆ. ಗುಂಟೆಯ 16ನೆಯ ಒಂದು ಪಾಲು ಒಂದು ಆಣೆ.

ಕೆಲಗೇರಿಯಲ್ಲಿ 7 ಎಕರೆ 15 ಗುಂಟೆಯ ಹೊಲವೊಂದನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾರೆಂದು ಭಾವಿಸೋಣ. ಒಟ್ಟು 295 ಗುಂಟೆ. ಮೂರರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ 98 ಗುಂಟೆ 5 ಆಣೆ, ಅಂದರೆ 2 ಎಕರೆ 18 ಗುಂಟೆ 5 ಆಣೆ. ವಾಟಣಿಪತ್ರವನ್ನು ಬರೆಯುವವನು ಇಲ್ಲಿಗೆ ನಿಲ್ಲಿಸಿದರೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಈಗ ತಾಳೆ ನೋಡಬೇಕು. 5 ಆಣೆ ಮೂರರಿಂದ ಗುಣಿಸಿದರೆ 15 ಆಣೆ. 18 ಗುಂಟೆ ಮೂರರಿಂದ 54 ಗುಂಟೆ, ಅಂದರೆ 1 ಎಕರೆ 14 ಗುಂಟೆ. 2 ಎಕರೆ ಮೂರರಿಂದ 6 ಎಕರೆ. ಒಟ್ಟು 7 ಎಕರೆ 14 ಗುಂಟೆ 15 ಆಣೆ. ಒಂದು ಆಣೆ ಯಾರ ಪಾಲಿಗೂ ಬಂದಿಲ್ಲ! ಆ ಒಂದು ಆಣೆ ಎಂದರೆ 68 ಚದರ ಅಡಿಗೆ ತುಸು ಹೆಚ್ಚಿನ ನೆಲ. ಒಂದು ಬಣವೆಯನ್ನು ಒಟ್ಟಬಹುದು, ಒಂದು ಜೋಡಿ ಎತ್ತುಗಳನ್ನು ಕಟ್ಟಬಹುದು. ಬದುವಿನ ಮೇಲಿನ ಜಗಳಗಳು ಎಷ್ಟೋ ವೇಳೆ ಇದಕ್ಕಿಂತ ಕಿರಿದಾದ ತುಣುಕಿಗಾಗಿ ಹುಟ್ಟಿ ಎರಡು ತಲೆಮಾರು ನಡೆದಿವೆ ಎಂಬುದನ್ನು ಹಳ್ಳಿಯ ಜೀವನವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಭಾಗಾಕಾರವು ಮರೆಮಾಡಿದ್ದನ್ನು ಗುಣಾಕಾರವು ಹೊರಗೆ ತೆಗೆದು ತೋರಿಸಿತು.

ಇಂಥ ಲೆಕ್ಕಗಳನ್ನು ನಮ್ಮ ಹಿರಿಯರು ಕಲಿತದ್ದು ಕಾಗದದ ಮೇಲಲ್ಲ, ಮರಳಿನ ಮೇಲೆ. ಕನ್ನಡ ನಾಡಿನ ಕೂಲಿಮಠಗಳ ಒಂದು ಸ್ಪಷ್ಟವಾದ ಚಿತ್ರ ನಮಗೆ ದೊರೆಯುವುದು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬಾತನು 1823ರಲ್ಲಿ ಮದರಾಸು ಸರಕಾರಕ್ಕೆ ಬರೆದ ವರದಿಯಲ್ಲಿ. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಪಾಠಶಾಲೆಗಳೂ ಅವುಗಳಲ್ಲಿ 6,641 ಮಂದಿ ವಿದ್ಯಾರ್ಥಿಗಳೂ ಇದ್ದರೆಂದು ಆತ ಲೆಕ್ಕ ಕೊಡುತ್ತಾನೆ. ಆ ಪಾಠಶಾಲೆಗಳಲ್ಲಿ 235 ಕನ್ನಡದವು. ಮಕ್ಕಳು ಬೆರಳಿನಿಂದ ಮರಳಿನಲ್ಲಿ ಅಕ್ಷರಗಳನ್ನು ತಿದ್ದುತ್ತಿದ್ದುದು, ಮಗ್ಗಿಗಳನ್ನೂ ಅಳತೆ-ತೂಕಗಳ ಕೋಷ್ಟಕಗಳನ್ನೂ ಬಾಯಿಪಾಠ ಮಾಡುತ್ತಿದ್ದುದು, ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತಿದ್ದುದು ಎಲ್ಲವೂ ಅಲ್ಲಿ ವರ್ಣಿತವಾಗಿವೆ. ಲಿಂಗವಂತ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳ ಹೆಸರುಗಳನ್ನು ಆತ ದಾಖಲಿಸಿರುವುದು ನಮ್ಮ ವಾಚಕರಿಗೆ ಆಸಕ್ತಿಯ ವಿಷಯವಾದೀತು. ಇನ್ನೊಂದು ಸ್ವಾರಸ್ಯವನ್ನೂ ಇಲ್ಲಿಯೇ ಹೇಳಬಹುದು. ಬೆಳಗಿನಲ್ಲಿ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆಯನ್ನೂ ಬರೆಯುತ್ತಿದ್ದರಂತೆ. ಮೂರನೆಯವನಿಗೆ ಮೆಲುವಾದ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೊಗಳಿಕೆಗೂ ತೆಗಳಿಕೆಗೂ ಸಲ್ಲದವನು ಎಂಬುದು ಆ ಸೊನ್ನೆಯ ಅರ್ಥ. ಸೊನ್ನೆಯ ವಿಚಾರ ಮುಂದೆ ಮತ್ತೆ ಬರಲಿದೆ.

ಮರಳಿನ ಮೇಲೆ, ಅಥವಾ ಧೂಳು ಹರಡಿದ ಹಲಗೆಯ ಮೇಲೆ, ಭಾಗಿಸುವ ಕ್ರಮ ಕಾಗದದ ಕ್ರಮದಂತಲ್ಲ. ಧೂಳೀಕರ್ಮವೆಂಬ ಹೆಸರೇ ಪ್ರಾಚೀನ ಗಣಿತಕ್ಕೆ ಇದ್ದಿತು. 574ನ್ನು 7ರಿಂದ ಭಾಗಿಸಬೇಕೆಂದು ಇಟ್ಟುಕೊಳ್ಳಿ. ಭಾಜ್ಯದ ಕೆಳಗೆ ಎಡದಲ್ಲಿ ಭಾಜಕವನ್ನು ಬರೆಯುತ್ತಾರೆ. 57ರಲ್ಲಿ 7 ಎಂಟು ಸಲ, 56 ಕಳೆಯಿತು. ಕೂಡಲೇ 57ನ್ನು ಅಳಿಸಿ ಅಲ್ಲಿ 1ನ್ನು ಬರೆಯಬೇಕು. ಭಾಜಕವನ್ನು ಒಂದು ಮನೆ ಬಲಕ್ಕೆ ಸರಿಸಿದರೆ 14ರಲ್ಲಿ 7 ಎರಡು ಸಲ, 14ನ್ನೂ ಅಳಿಸಬೇಕು. ಕೊನೆಗೆ ಹಲಗೆಯ ಮೇಲೆ ಉಳಿಯುವುದು 82 ಮಾತ್ರ. ಭಾಜ್ಯವೆಲ್ಲಿ? ಅಳಿದುಹೋಯಿತು. ನಡುವಿನ ಹಂತಗಳೆಲ್ಲಿ? ಅವೂ ಅಳಿದುಹೋದವು. ಕಾಗದದಲ್ಲಿ ಬರೆದವನು ತನ್ನ ಲೆಕ್ಕವನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿ ತಪ್ಪನ್ನು ಹುಡುಕಬಹುದು. ಧೂಳಿನಲ್ಲಿ ಬರೆದವನಿಗೆ ಓದಲು ಏನೂ ಉಳಿದಿರುವುದಿಲ್ಲ. ಆತನಿಗೆ ಇರುವ ದಾರಿ ಒಂದೇ: ಉಳಿದ 82ನ್ನು 7ರಿಂದ ಗುಣಿಸಿ, ಅಳಿದ 574ನ್ನು ಮತ್ತೆ ಹುಟ್ಟಿಸುವುದು. ಹಿಂದೂ ಗಣಿತದ ಇತಿಹಾಸವನ್ನು 1930ರ ದಶಕದಲ್ಲಿ ಬರೆದ ಬಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಗ್ ಅವರು ಈ ಅಳಿಸುವ ಪದ್ಧತಿಯನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ತಾಳೆ ನೋಡುವ ಶಿಸ್ತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಲು ಬರೆಯುವ ಸಾಧನವೇ ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಒಂದು ಹಳೆಯ ಹಸ್ತಪ್ರತಿಯ ಆಧಾರವಿದೆ. 1881ರಲ್ಲಿ ಪೇಶಾವರದ ಬಳಿಯ ಬಕ್ಷಾಲಿ ಎಂಬ ಹಳ್ಳಿಯಲ್ಲಿ ನೆಲವನ್ನು ಅಗೆಯುವಾಗ ಭೂರ್ಜಪತ್ರದ ಸುಮಾರು 70 ಹಾಳೆಗಳು ದೊರೆತವು. ಅವು ಇಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 2017ರಲ್ಲಿ ನಡೆದ ಇಂಗಾಲದ ಪರೀಕ್ಷೆಯ ಬಳಿಕ ವಿವಾದ ಇನ್ನೂ ಬೆಳೆಯಿತು. ಕಾಲವೇನೇ ಇರಲಿ, ಅಲ್ಲಿ ಸೂತ್ರ, ಉದಾಹರಣೆ, ಸ್ಥಾಪನೆ, ಕರಣ ಎಂಬ ಭಾಗಗಳಾದ ಮೇಲೆ ‘ಪ್ರತ್ಯಯ’ ಎಂಬ ಭಾಗ ಬರುತ್ತದೆ. ಬಂದ ಉತ್ತರವನ್ನು ಹಿಂದಿರುಗಿಸಿ ಲೆಕ್ಕವನ್ನು ಪರೀಕ್ಷಿಸುವುದೇ ಪ್ರತ್ಯಯ. ವ್ಯಾಕರಣದ ವಿದ್ಯಾರ್ಥಿಗೆ ಪ್ರತ್ಯಯವೆಂದರೆ ಪ್ರಕೃತಿಗೆ ಹತ್ತುವ ವಿಭಕ್ತಿ ಮೊದಲಾದವು. ಗಣಕನಿಗೆ ಅದೇ ಪದ ನಂಬಿಕೆ, ನಿಶ್ಚಯ ಎಂಬ ಮೂಲಾರ್ಥದಲ್ಲಿಯೇ ಉಳಿದಿದೆ. ಉತ್ತರವು ಬಂದುದರಿಂದ ನಂಬಿಕೆ ಹುಟ್ಟುವುದಿಲ್ಲ, ಮರಳಿ ಹೋದುದರಿಂದ ಹುಟ್ಟುತ್ತದೆ ಎಂಬ ಭಾವ ಈ ಹೆಸರಿನಲ್ಲಿಯೇ ಅಡಗಿದೆ.

ಇದರ ತಾತ್ತ್ವಿಕ ನೆಲೆಯನ್ನು ಆರ್ಯಭಟನು ಕ್ರಿ. ಶ. 499ರ ತನ್ನ ಗ್ರಂಥದಲ್ಲಿ ವಿಲೋಮವಿಧಿಯೆಂದು ನಿರೂಪಿಸಿದ್ದಾನೆ. ಹಿಂದಿರುಗಿ ಹೋಗುವಾಗ ಗುಣಕವು ಭಾಜಕವಾಗುತ್ತದೆ, ಭಾಜಕವು ಗುಣಕವಾಗುತ್ತದೆ. ಕೂಡಿಸಿದ್ದನ್ನು ಕಳೆಯಬೇಕು, ಕಳೆದುದನ್ನು ಕೂಡಿಸಬೇಕು.

ಇನ್ನು ಕನ್ನಡ ನಾಡಿನ ಮಹಾಗಣಿತಜ್ಞನ ಕಡೆಗೆ ಬರೋಣ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವಾದ ಮಾನ್ಯಖೇಟದಿಂದ ಆಳುತ್ತಿದ್ದ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಕವಿರಾಜಮಾರ್ಗವೂ ಇದೂ ಒಂದೇ ಅರಸನ ನೆರಳಿನಲ್ಲಿ ಬೆಳೆದ ಗ್ರಂಥಗಳೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಅಷ್ಟಾಗಿ ನೆನೆಯುವುದಿಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು, ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಜೈನಮಠವು 2000ದಲ್ಲಿ ಹೊರತಂದಿತು.

ಮಹಾವೀರನು ಹೇಳುವ ಎಂಟು ಪರಿಕರ್ಮಗಳಲ್ಲಿ ಮೊದಲನೆಯದು ಪ್ರತ್ಯುತ್ಪನ್ನ, ಅಂದರೆ ಗುಣಾಕಾರ, ಎರಡನೆಯದು ಭಾಗಹಾರ. ಭಾಜ್ಯವನ್ನು ಮೇಲೆ, ಭಾಜಕವನ್ನು ಕೆಳಗೆ ಇರಿಸಿ, ಎರಡಕ್ಕೂ ಸಮಾನವಾದ ಅಪವರ್ತನಗಳನ್ನು ತೆಗೆದುಹಾಕಿ ಭಾಗಿಸಬೇಕೆಂದು ಆತ ವಿಧಿಸುತ್ತಾನೆ. ಗುಣಾಕಾರಕ್ಕೆ ಆತ ಕೊಟ್ಟ ಉದಾಹರಣೆಗಳು ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಓದಬಹುದಾದ ಸಂಖ್ಯೆಗಳನ್ನು ಕೊಡುತ್ತವೆ. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಇವು ಬರಿಯ ಚಮತ್ಕಾರಗಳೆಂದು ತೋರಬಹುದು. ಆದರೆ ಶಿಷ್ಯನು ಗುಣಿಸುವಾಗ ಒಂದು ಅಂಕೆಯಲ್ಲಿ ತಪ್ಪಿದರೂ ಹಾರದಲ್ಲಿ ಒಂದು ಮಣಿ ಕೆಟ್ಟು ಕಾಣುವುದರಿಂದ ಉತ್ತರವೇ ತನ್ನ ತಾಳೆಯನ್ನು ಹೇಳಿಬಿಡುತ್ತದೆ! ಇಂಥ ಲೆಕ್ಕಗಳನ್ನು ಕಟ್ಟಬೇಕಾದರೆ ಹಾರದ ಸಂಖ್ಯೆಯನ್ನು ಮೊದಲು ಇಟ್ಟುಕೊಂಡು ಅದನ್ನು ಭಾಗಿಸಿಯೇ ಗುಣ್ಯವನ್ನು ಪಡೆಯಬೇಕಲ್ಲದೆ ಬೇರೆ ಸುಲಭ ಮಾರ್ಗವಿಲ್ಲ.

ಹೀಗೆ ಗುಣಾಕಾರ ಭಾಗಾಕಾರಗಳ ನಂಟನ್ನು ಅಂಗೈ ನೆಲ್ಲಿಯಂತೆ ಬಲ್ಲ ಆಚಾರ್ಯನು ಒಂದೆಡೆ ಮುಗ್ಗರಿಸಿದ್ದಾನೆ. ಸೊನ್ನೆಯಿಂದ ಗುಣಿಸಿದ ಸಂಖ್ಯೆ ಸೊನ್ನೆಯಾಗುತ್ತದೆ ಎಂಬ ಆತನ ಮಾತು ನಿಜ. ಸೊನ್ನೆಯನ್ನು ಕೂಡಿಸಿದರೂ ಕಳೆದರೂ ಸಂಖ್ಯೆ ಬದಲಾಗದು ಎಂಬುದೂ ನಿಜ. ಆದರೆ ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದೂ ಆತ ಹೇಳಿದ್ದಾನೆ. ಮಹಾವೀರನು ಹೀಗೇಕೆ ಎಂದುಕೊಂಡನೆಂಬುದು ಕಷ್ಟದ ಪ್ರಶ್ನೆಯಲ್ಲ. ರಾಶಿಯ ಮುಂದೆ ಪಾಲು ಕೇಳುವವರು ಯಾರೂ ಇಲ್ಲದಿದ್ದರೆ ರಾಶಿ ಇದ್ದಂತೆಯೇ ಇರುತ್ತದೆಯಲ್ಲವೇ? ಸೊನ್ನೆಯಿಂದ ಭಾಗಿಸುವುದೆಂದರೆ ಭಾಗಿಸದೆ ಇರುವುದೆಂದೇ ಆತ ಬಗೆದನೆಂದು ರಂಗಾಚಾರ್ಯರೂ ಟಿಪ್ಪಣಿಯಲ್ಲಿ ಸೂಚಿಸಿದ್ದಾರೆ. ಕಣದ ಅನುಭವಕ್ಕೆ ಇದು ಒಪ್ಪುವ ಮಾತು. ಆದರೆ ಕೂಲಿಮಠದ ಹುಡುಗನ ತಾಳೆಗೆ ಒಪ್ಪುವುದಿಲ್ಲ. 5ನ್ನು ಸೊನ್ನೆಯಿಂದ ಭಾಗಿಸಿದರೆ 5 ಎನ್ನುವುದಾದರೆ, ಭಾಗಲಬ್ಧವಾದ 5ನ್ನು ಭಾಜಕವಾದ ಸೊನ್ನೆಯಿಂದ ಗುಣಿಸಿದಾಗ 5 ಬರಬೇಕು. ಆಚಾರ್ಯನು ತಾನೇ ಹೇಳಿದಂತೆ ಬರುವುದು ಸೊನ್ನೆ. ಒಂದೇ ನಿಯಮದ ಒಂದು ಭಾಗ ಇನ್ನೊಂದು ಭಾಗದ ತಪ್ಪನ್ನು ತೋರಿಸುತ್ತಿದೆ.

ಇದರಿಂದ ಮಹಾವೀರನ ಹಿರಿಮೆಗೆ ಕುಂದು ಬರುವುದೆಂದು ನಾನು ಭಾವಿಸುವುದಿಲ್ಲ. ಆತನಿಗಿಂತ ಎರಡು ಶತಮಾನ ಹಿಂದೆ, 628ರಲ್ಲಿ, ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದನು. ಇದು ತಾಳೆಗೆ ನಿಲ್ಲುತ್ತದೆ: ಸೊನ್ನೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ. ತೊಡಕೆಂದರೆ ಉತ್ತರ 1 ಎಂದರೂ ತಾಳೆಗೆ ನಿಲ್ಲುತ್ತದೆ, 82 ಎಂದರೂ ನಿಲ್ಲುತ್ತದೆ. 5ನ್ನು ಸೊನ್ನೆಯಿಂದ ಭಾಗಿಸುವಲ್ಲಿ ಯಾವ ಸಂಖ್ಯೆಯೂ ತಾಳೆಗೆ ಬಾರದು; ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಲ್ಲಿ ಎಲ್ಲ ಸಂಖ್ಯೆಗಳೂ ಬರುತ್ತವೆ. ಇಂದಿನ ಗಣಿತದಲ್ಲಿ ಸೊನ್ನೆಯಿಂದ ಭಾಗಿಸುವುದನ್ನು ನಿಷೇಧಿಸಿರುವುದಕ್ಕೆ ಕಾರಣ ಇಷ್ಟೇ. ಹಲವರು ಇದನ್ನು ಗಣಿತಜ್ಞರ ಹಟವೆಂದು ತಿಳಿದಿದ್ದಾರೆ.

1114ರಲ್ಲಿ ಜನಿಸಿದ ಭಾಸ್ಕರಾಚಾರ್ಯನು ತನ್ನ ಊರು ಸಹ್ಯಾದ್ರಿಯ ಪ್ರದೇಶದ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದನ್ನು ನಮ್ಮ ವಿಜಯಪುರವೆನ್ನುವವರುಂಟು. ಮೊಮ್ಮಗನಾದ ಚಾಂಗದೇವನ ಶಾಸನ ದೊರೆತಿರುವ ಖಾನದೇಶದ ಪಾಟಣದ ಪರಿಸರವೆನ್ನುವವರೂ ಉಂಟು. ಆ ವಿವಾದವನ್ನು ಇಲ್ಲಿ ಎತ್ತುವುದಿಲ್ಲ. 1150ರ ಸುಮಾರಿನಲ್ಲಿ ರಚಿತವಾದ ಲೀಲಾವತಿಯಲ್ಲಿ ಆತನು ಸೊನ್ನೆಯಿಂದ ಭಾಗಿಸಿದ ಸಂಖ್ಯೆಗೆ ‘ಖಹರ’ವೆಂಬ ಹೆಸರನ್ನು ಕೊಟ್ಟು, ಅದು ಮೊದಲಿನ ಸಂಖ್ಯೆಯಲ್ಲವೆಂಬುದನ್ನು ಸ್ಪಷ್ಟಪಡಿಸಿದನು, ಬೀಜಗಣಿತದಲ್ಲಿ ಅದನ್ನು ಅನಂತವೆಂದು ವರ್ಣಿಸಿದನು. ಇನ್ನೂ ಸೂಕ್ಷ್ಮವಾದ ಮಾತೊಂದು ಲೀಲಾವತಿಯಲ್ಲಿದೆ. ಒಂದು ಸಂಖ್ಯೆಗೆ ಸೊನ್ನೆಯು ಗುಣಕವಾಗಿ ಬಂದು, ಮುಂದೆ ಅದೇ ಸೊನ್ನೆಯು ಭಾಜಕವಾಗಿಯೂ ಬರುವುದಿದ್ದರೆ, ಆ ಸಂಖ್ಯೆಯನ್ನು ಅವಿಕೃತವೆಂದೇ ತಿಳಿಯಬೇಕು. ಆತನು ಕೊಡುವ ಲೆಕ್ಕವಿದು: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಅದರ ಅರ್ಧವನ್ನು ಅದಕ್ಕೆ ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ, ಆ ಸಂಖ್ಯೆ ಯಾವುದು? ಉತ್ತರ 14. ಹದಿನಾಲ್ಕಕ್ಕೆ ಅದರ ಅರ್ಧ ಏಳನ್ನು ಕೂಡಿಸಿದರೆ 21, ಮೂರರಿಂದ ಗುಣಿಸಿದರೆ 63. ಗುಣಾಕಾರವೂ ಭಾಗಾಕಾರವೂ ಒಂದನ್ನೊಂದು ಕಳೆಯಲೇಬೇಕೆಂಬ ನಿಯಮವನ್ನು ಸೊನ್ನೆಯಲ್ಲಿಯೂ ಉಳಿಸಿಕೊಳ್ಳುವ ಹವಣಿಕೆ ಇದು. ಇಂದಿನ ಕಟ್ಟುನಿಟ್ಟಿನ ದೃಷ್ಟಿಗೆ ಇದು ಪೂರ್ಣವಾಗಿ ಸಮ್ಮತವಲ್ಲ; ಸೊನ್ನೆಯಿಂದ ಒಮ್ಮೆ ಗುಣಿಸಿದ ಮೇಲೆ ಯಾವ ಸಂಖ್ಯೆಯನ್ನು ಗುಣಿಸಿದೆವೆಂಬ ಗುರುತು ಉಳಿಯುವುದಿಲ್ಲ. ಆದರೂ ಭಾಗಾಕಾರದ ಜೀವ ಗುಣಾಕಾರದಲ್ಲಿದೆಯೆಂಬುದನ್ನು ಭಾಸ್ಕರನು ಬಿಟ್ಟುಕೊಡಲಿಲ್ಲ.

ಅದೇ 12ನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತವನ್ನು ಬರೆದವನು ‘ವ್ಯವಹಾರಗಣಿತ’ದ ರಾಜಾದಿತ್ಯ. ಈತನ ಕೃತಿಗಳಲ್ಲಿ ‘ಚಿತ್ರಹಸುಗೆ’ ಎಂಬುದೊಂದು. ಹಸುಗೆ ಎಂದರೆ ಪಾಲು, ಹಂಚಿಕೆ. ಸಂಸ್ಕೃತದ ಭಾಗಹಾರಕ್ಕೆ ಇಷ್ಟು ಸೊಗಸಾದ ಅಚ್ಚಗನ್ನಡದ ಪದವಿದ್ದರೂ ನಮ್ಮ ಪಠ್ಯಪುಸ್ತಕಗಳು ಅದನ್ನು ಕೈಬಿಟ್ಟಿವೆ. ಆ ಶತಮಾನದ ಕಲ್ಯಾಣವನ್ನು ನೆನೆದಾಗ, ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚ ಮಾಡುತ್ತಿದ್ದಾರೆಂಬ ದೂರನ್ನು ಕೇಳಿ ಬಿಜ್ಜಳನು ಭಂಡಾರವನ್ನು ಎಣಿಸಿ ನೋಡಿಸಿದಾಗ ಕೊರತೆ ಕಂಡುಬರಲಿಲ್ಲವೆಂದು ಭೀಮಕವಿಯ ಬಸವಪುರಾಣ (1369) ಹೇಳುವ ಪ್ರಸಂಗವೂ ನೆನಪಾಗುತ್ತದೆ. ಅದನ್ನು ಗಣಿತದ ಇತಿಹಾಸಕ್ಕೆ ಎಳೆದು ತರುವುದು ಅತಿಯಾದೀತು; ಪುರಾಣದ ದೃಷ್ಟಿಯಲ್ಲಿ ಅದು ಮಹಿಮೆ. ಆದರೆ ದೂರಿಗೆ ಉತ್ತರ ಮಾತಿನಿಂದಲ್ಲ, ಮರಳಿ ಎಣಿಸುವುದರಿಂದ ಎಂಬ ಕರಣಿಕರ ನೀತಿ ಕವಿಗೂ ಗೊತ್ತಿತ್ತು ಎಂದಷ್ಟೇ ಹೇಳಬಹುದು.

ಗುಣಾಕಾರದ ತಾಳೆ ಎಲ್ಲ ತಪ್ಪುಗಳನ್ನೂ ಹಿಡಿಯುತ್ತದೆಯೇ? ಇಲ್ಲ. 100ನ್ನು 7ರಿಂದ ಭಾಗಿಸಿ ಭಾಗಲಬ್ಧ 13, ಶೇಷ 9 ಎಂದು ಬರೆದವನ ಲೆಕ್ಕವೂ ತಾಳೆಯಾಗುತ್ತದೆ. 13ನ್ನು 7ರಿಂದ ಗುಣಿಸಿದರೆ 91, ಒಂಬತ್ತು ಕೂಡಿಸಿದರೆ 100. ಆದ್ದರಿಂದ ಶೇಷವು ಭಾಜಕಕ್ಕಿಂತ ಕಿರಿದಾಗಿರಬೇಕೆಂಬ ಎರಡನೆಯ ನಿಯಮ ಅಗತ್ಯ. ಇನ್ನೂ ಗೂಢವಾದ ತಪ್ಪೊಂದಿದೆ. ಬಾಲ್ಯದಲ್ಲಿ ನಾನು ಕೆಲವು ತಿಂಗಳು ‘ಏಳೆಂಟ್ಲೆ ಐವತ್ನಾಕು’ ಎಂದು ಮಗ್ಗಿಯನ್ನು ತಪ್ಪಾಗಿ ಒಪ್ಪಿಸುತ್ತಿದ್ದೆ. ಅಂಥವನು 574ನ್ನು ಏಳರಿಂದ ಭಾಗಿಸಿದರೆ 57ರಲ್ಲಿ ಎಂಟು ಸಲ, 54 ಹೋಗಿ ಉಳಿದದ್ದು 3. 34ರಲ್ಲಿ ನಾಲ್ಕು ಸಲ, ಉಳಿದದ್ದು 6. ಉತ್ತರ 84, ಶೇಷ 6. ತಾಳೆ ನೋಡುವಾಗಲೂ ಬಾಯಲ್ಲಿರುವುದು ಅದೇ ಕೆಟ್ಟ ಮಗ್ಗಿ: ಏಳ್ನಾಲ್ಕು ಇಪ್ಪತ್ತೆಂಟು, ದಶಕ ಎರಡು, ಏಳೆಂಟು ಐವತ್ನಾಲ್ಕು, ಎರಡು ಸೇರಿ ಐವತ್ತಾರು, 568, ಆರು ಸೇರಿ 574. ಚೆನ್ನಾಗಿ ತಾಳೆಯಾಯಿತು! ತಪ್ಪು ಎರಡು ಕಡೆಯಲ್ಲಿಯೂ ಒಂದೇ ಆದ್ದರಿಂದ ಕಾಣಿಸಲೇ ಇಲ್ಲ.

ಇಲ್ಲಿ ನೆರವಿಗೆ ಬರುವುದು ಒಂಬತ್ತರ ತಾಳೆ. 10ನೆಯ ಶತಮಾನದ ಎರಡನೆಯ ಆರ್ಯಭಟನು ಇದನ್ನು ಹೇಳಿದ್ದಾನೆ. 1356ರಲ್ಲಿ ನಾರಾಯಣ ಪಂಡಿತನು ತನ್ನ ‘ಗಣಿತಕೌಮುದಿ’ಯಲ್ಲಿ ಒಂಬತ್ತೇ ಏಕೆ, ಯಾವ ಸಂಖ್ಯೆಯಿಂದಲಾದರೂ ಹೀಗೆ ಪರೀಕ್ಷಿಸಬಹುದೆಂದು ವಿಸ್ತರಿಸಿದ್ದಾನೆ. ಸಂಖ್ಯೆಯ ಅಂಕೆಗಳನ್ನು ಕೂಡಿಸುತ್ತ ಒಂದೇ ಅಂಕೆ ಉಳಿಯುವವರೆಗೆ ಹೋಗಬೇಕು. 84ಕ್ಕೆ 12, ಅದಕ್ಕೆ 3. ಏಳ್ಮೂರು 21, ಅದಕ್ಕೆ 3. ಶೇಷ ಆರು ಸೇರಿ 9. ಆದರೆ 574ಕ್ಕೆ 16, ಅದಕ್ಕೆ 7. ಒಂಬತ್ತಕ್ಕೂ ಏಳಕ್ಕೂ ತಾಳೆಯಿಲ್ಲ, ಕಳ್ಳ ಸಿಕ್ಕಿದನು. ಏಳೆಂಟರ ಮಗ್ಗಿಯನ್ನು ಮುಟ್ಟದೆ ಬೇರೆ ದಾರಿಯಲ್ಲಿ ಬಂದುದೇ ಈ ತಾಳೆಯ ಬಲ. ಇದಕ್ಕೂ ಕುರುಡುಂಟು: 82 ಎಂಬಲ್ಲಿ 28 ಎಂದು ಅಂಕೆಗಳನ್ನು ತಿರುವಿ ಬರೆದರೆ ಒಂಬತ್ತರ ತಾಳೆಗೆ ತಿಳಿಯುವುದೇ ಇಲ್ಲ, ಗುಣಾಕಾರದ ತಾಳೆ ಕೂಡಲೇ ಹಿಡಿಯುತ್ತದೆ. ನಮ್ಮ ಪ್ರಾಚೀನರು ಎರಡನ್ನೂ ಉಳಿಸಿಕೊಂಡದ್ದು ವ್ಯರ್ಥವಲ್ಲ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬಂದ ಮೇಲೆ ರೂಪಾಯಿ-ಆಣೆ-ಪೈಗಳ ಮಿಶ್ರಭಾಗಾಕಾರ ಪಠ್ಯಗಳಿಂದ ಮರೆಯಾಯಿತು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ ಇದ್ದ ಕಾಲದಲ್ಲಿ ತಾಳೆಯಿಲ್ಲದೆ ಅಂಗಡಿಯ ಖಾತೆಯನ್ನು ಮುಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಭೂಮಿಯ ಲೆಕ್ಕದಲ್ಲಿ ಮಾತ್ರ ಎಕರೆ-ಗುಂಟೆಗಳು ಹೋಗಲಿಲ್ಲ. ಕೆಲಗೇರಿಯ ನಮ್ಮ ಮೂವರು ಅಣ್ಣತಮ್ಮಂದಿರ ಹೊಲದಲ್ಲಿ ಆ ಒಂದು ಆಣೆ ಇನ್ನೂ ಉಳಿದಿದೆಯಲ್ಲ. ಬಲ್ಲ ಹಿರಿಯರು ಅದನ್ನು ಪತ್ರದಲ್ಲಿ ಮೌನವಾಗಿ ಬಿಡುವುದಿಲ್ಲ. ಒಬ್ಬನಿಗೆ 2 ಎಕರೆ 18 ಗುಂಟೆ 6 ಆಣೆ, ಉಳಿದಿಬ್ಬರಿಗೆ ತಲಾ 2 ಎಕರೆ 18 ಗುಂಟೆ 5 ಆಣೆ ಎಂದು ಕಾಣಿಸಿ, ಆರು ಆಣೆ ಯಾರಿಗೆ, ಏಕೆ ಎಂಬುದನ್ನು ಮೂವರ ಎದುರಿನಲ್ಲಿ ಬರೆಯಿಸುತ್ತಾರೆ. ಕೂಡಿಸಿದರೆ 7 ಎಕರೆ 15 ಗುಂಟೆ.